ಹೃದಯದ ಗಡ್ಡೆ: ತೂಕಕ್ಕಿಂತ ಜಾಗ ಮುಖ್ಯ

ಪತ್ರಿಕೆಯ ಜಿಲ್ಲಾ ಪುಟದಲ್ಲಿ ಆಗಾಗ ಇಂಥದೊಂದು ಸುದ್ದಿ ಬರುತ್ತದೆ: ‘ಹೃದಯದಲ್ಲಿದ್ದ ಅಪರೂಪದ ಗಡ್ಡೆ ಹೊರತೆಗೆದ ವೈದ್ಯರು’. ಹಸಿರು ಗೌನ್ ತೊಟ್ಟ ತಂಡದ ಫೋಟೊ, ನಡುವೆ ಗುಣವಾದ ರೋಗಿ, ಗಡ್ಡೆ ಇಷ್ಟು ಗ್ರಾಂ ಇತ್ತು, ಇಷ್ಟು ಸೆಂಟಿಮೀಟರ್ ಇತ್ತು ಅನ್ನುವ ವಿವರ. ಓದಿದವರು ಅಬ್ಬಾ ಅನ್ನುತ್ತಾರೆ. ಆದರೆ ಆ ಸುದ್ದಿಯಲ್ಲಿ ಇರಲೇಬೇಕಾದ ಎರಡು ಸಂಗತಿ ಎಷ್ಟೋ ಸಲ ಇರುವುದಿಲ್ಲ. ಅದು ಯಾವ ಜಾತಿಯ ಗಡ್ಡೆ? ಹೃದಯದ ಯಾವ ಭಾಗಕ್ಕೆ ಅಂಟಿಕೊಂಡಿತ್ತು?

ಇವೆರಡು ಗೊತ್ತಾದರೆ ಮಾತ್ರ ಆಪರೇಷನ್ ಎಷ್ಟು ಕಷ್ಟದ್ದು, ರೋಗಿಯ ಮುಂದಿನ ಗತಿ ಏನು ಅಂತ ಹೇಳಲು ಬರುತ್ತದೆ. ನಿಂಬೆ ಗಾತ್ರದ ಒಂದು ಗಡ್ಡೆಯನ್ನು ತೆಗೆದ ವಾರದಲ್ಲಿ ರೋಗಿ ಮನೆಗೆ ನಡೆದುಕೊಂಡು ಹೋಗಬಹುದು. ಅಷ್ಟೇ ಗಾತ್ರದ ಇನ್ನೊಂದಕ್ಕೆ ಚಾಕು ಮುಟ್ಟಿಸುವುದೇ ತಪ್ಪಾಗಬಹುದು. ಮೂರನೆಯದನ್ನು ತೆಗೆದರೂ ರೋಗಿಗೆ ಸಿಗುವುದು ಕೆಲವೇ ತಿಂಗಳು. ಸುದ್ದಿಯಾಗುವುದು ಹೆಚ್ಚಾಗಿ ಮೊದಲನೆಯದು. ವೈದ್ಯರ ನಿದ್ದೆ ಕೆಡಿಸುವುದು ಉಳಿದೆರಡು.

ಹೃದಯದಲ್ಲೇ ಹುಟ್ಟುವ ಗಡ್ಡೆಗಳು ನಿಜಕ್ಕೂ ಅಪರೂಪ. ಹಳೆಯ ಮರಣೋತ್ತರ ಪರೀಕ್ಷೆಗಳ ಲೆಕ್ಕದಲ್ಲಿ ಸುಮಾರು 10,000 ದೇಹಗಳಿಗೆ ಎರಡರಲ್ಲಿ ಇಂಥದ್ದು ಸಿಕ್ಕಿದೆ. ಹೃದಯದ ಸ್ನಾಯುವಿನ ಜೀವಕೋಶಗಳು ದೊಡ್ಡವರಲ್ಲಿ ಹೆಚ್ಚುಕಡಿಮೆ ಒಡೆದು ಹೆಚ್ಚುವುದೇ ಇಲ್ಲ, ಅದಕ್ಕೇ ಅಲ್ಲಿ ಗಡ್ಡೆ ಕಡಿಮೆ ಅನ್ನುವುದು ಸಾಮಾನ್ಯವಾಗಿ ಕೊಡುವ ವಿವರಣೆ. ಬೇರೆ ಕಡೆಯ ಕ್ಯಾನ್ಸರ್ ಹೃದಯಕ್ಕೆ ಹಬ್ಬುವುದು ಇದಕ್ಕಿಂತ ಕನಿಷ್ಠ ಇಪ್ಪತ್ತು ಪಟ್ಟು ಜಾಸ್ತಿ. ಶ್ವಾಸಕೋಶ, ಸ್ತನ, ರಕ್ತದ ಕ್ಯಾನ್ಸರ್‌ಗಳು ಅಲ್ಲಿಗೆ ಹೋಗುತ್ತವೆ. ಹೃದಯದಲ್ಲೇ ಹುಟ್ಟಿದವುಗಳಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಕ್ಯಾನ್ಸರ್ ಅಲ್ಲ. ಕೇಳಲು ಸಮಾಧಾನದ ಮಾತು. ಆದರೆ ಹೃದಯದ ವಿಷಯದಲ್ಲಿ ಇದನ್ನು ಅರ್ಧ ಮಾತ್ರ ನಂಬಬೇಕು. ಬೆನ್ನ ಮೇಲಿನ ಕೊಬ್ಬಿನ ಗಂಟು ಇಪ್ಪತ್ತು ವರ್ಷ ಸುಮ್ಮನೆ ಇರಬಹುದು. ಕ್ಯಾನ್ಸರ್ ಅಲ್ಲದ ಗಡ್ಡೆಯೇ ಆದರೂ ಹೃದಯದ ಕವಾಟದ ಬಾಯಿಗೆ ಬಂದು ಕೂತರೆ ಮನುಷ್ಯ ನಿಂತಲ್ಲೇ ಬೀಳುತ್ತಾನೆ.

ಮಿಕ್ಸೋಮಾ: ಬೇಗ ತೆಗೆಯಬೇಕಾದದ್ದು

ದೊಡ್ಡವರ ಹೃದಯದಲ್ಲಿ ಸರ್ಜನ್‌ಗಳ ಕೈಗೆ ಹೆಚ್ಚಾಗಿ ಸಿಗುವುದು ಮಿಕ್ಸೋಮಾ. ಮೂವತ್ತರಿಂದ ಅರವತ್ತರ ವಯಸ್ಸಿನವರಲ್ಲಿ ಹೆಚ್ಚು, ಅದರಲ್ಲೂ ಹೆಂಗಸರಲ್ಲಿ. ನಾಲ್ಕರಲ್ಲಿ ಮೂರು ಹೃದಯದ ಮೇಲಿನ ಎಡ ಕೋಣೆಯಲ್ಲಿರುತ್ತವೆ. ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಗೆ ಒಂದು ತೊಟ್ಟಿನಿಂದ ಅಂಟಿಕೊಂಡು ಒಳಗೆ ತೂಗಾಡುತ್ತಿರುತ್ತವೆ. ಮುಟ್ಟಿದರೆ ತಾಟಿನುಂಗಿನ ತಿರುಳಿನ ಹಾಗೆ ಮೆತ್ತಗೆ, ಜಾರುತ್ತದೆ, ಒತ್ತಿದರೆ ಚೂರಾಗುತ್ತದೆ. ಈ ಮೆತ್ತಗಿನ ಗುಣವೇ ಅದರ ಅಪಾಯ.

ಅದು ಮೂರು ರೀತಿಯಲ್ಲಿ ಕಾಟ ಕೊಡುತ್ತದೆ. ತೂಗಾಡುತ್ತಾ, ಎಡಭಾಗದ ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವೆ ಇರುವ ಮೈಟ್ರಲ್ ಕವಾಟದ ಬಾಯಿಗೆ ಅಡ್ಡ ಬಂದರೆ ರಕ್ತ ಮುಂದೆ ಹೋಗುವುದಿಲ್ಲ. ಉಸಿರು ಕಟ್ಟುತ್ತದೆ, ತಲೆ ಸುತ್ತುತ್ತದೆ. ಕೆಲವರಿಗೆ ಮಲಗುವ ಮಗ್ಗುಲು ಬದಲಿಸಿದರೆ ಕಷ್ಟ ಕಡಿಮೆಯಾಗುತ್ತದೆ, ಅಥವಾ ಹೆಚ್ಚುತ್ತದೆ. ಎರಡನೆಯದು, ಚೂರು ಕಿತ್ತು ರಕ್ತದ ಜೊತೆ ಹೋಗುವುದು. ಎಡಭಾಗದಿಂದ ಹೊರಟ ಚೂರು ಮಿದುಳಿಗೆ ಹೋದರೆ ಲಕ್ವ. ಕಾಲಿನ ರಕ್ತನಾಳ ಕಟ್ಟಿದರೆ ಕಾಲು ತಣ್ಣಗಾಗಿ ನೀಲಿಗಟ್ಟುತ್ತದೆ. ಮಿಕ್ಸೋಮಾ ಇರುವ ಮೂರರಲ್ಲಿ ಒಬ್ಬರಿಗಾದರೂ ಹೀಗಾಗುತ್ತದೆ ಅಂತ ಹಲವು ವರದಿಗಳು ಹೇಳುತ್ತವೆ. ಮೂರನೆಯದು ಇನ್ನೂ ಮೋಸದ್ದು. ಈ ಗಡ್ಡೆ ಇಂಟರ್‌ಲ್ಯೂಕಿನ್–6 ಅನ್ನುವ ರಾಸಾಯನಿಕವನ್ನು ರಕ್ತಕ್ಕೆ ಬಿಡುತ್ತದೆ. ಅದರಿಂದ ಸಣ್ಣ ಜ್ವರ, ತೂಕ ಇಳಿಯುವುದು, ಸುಸ್ತು, ರಕ್ತ ಕಡಿಮೆಯಾಗುವುದು, ಇಎಸ್‌ಆರ್ (ಮೈಯೊಳಗಿನ ಉರಿಯೂತ ತೋರಿಸುವ ರಕ್ತಪರೀಕ್ಷೆಯ ಅಂಕಿ) ಏರುವುದು. ನಮ್ಮಲ್ಲಿ ಈ ಪಟ್ಟಿ ಕೇಳಿದ ಯಾವ ವೈದ್ಯರಿಗೂ ಮೊದಲು ಹೊಳೆಯುವುದು ಟಿ.ಬಿ. ಅದು ತಪ್ಪೂ ಅಲ್ಲ, ನಮ್ಮಲ್ಲಿ ಟಿ.ಬಿ.ಯೇ ಜಾಸ್ತಿ ಅಲ್ವಾ.

ಇನ್ನೊಂದು ಗೊಂದಲವೂ ಈ ನೆಲದ್ದೇ. ಚಿಕ್ಕಂದಿನ ಗಂಟಲು ಸೋಂಕಿನಿಂದ ಶುರುವಾಗಿ ಹೃದಯದ ಕವಾಟ ಕೆಡಿಸುವ ರುಮ್ಯಾಟಿಕ್ ಕಾಯಿಲೆ ಭಾರತದಲ್ಲಿ ಇನ್ನೂ ಹೋಗಿಲ್ಲ. ಮೂವತ್ತೈದರ ಹೆಂಗಸು ಮೆಟ್ಟಿಲು ಹತ್ತಿದರೆ ಏದುಸಿರು ಅಂತ ಬರುತ್ತಾಳೆ. ಸ್ಟೆತಸ್ಕೋಪ್ ಇಟ್ಟರೆ ಮೈಟ್ರಲ್ ಕವಾಟ ಕಿರಿದಾದಾಗ ಕೇಳುವಂಥದೇ ಸದ್ದು. ನೂರಕ್ಕೆ ತೊಂಬತ್ತೊಂಬತ್ತಕ್ಕೂ ಹೆಚ್ಚು ಸಲ ಅದು ಕವಾಟದ ಕಾಯಿಲೆಯೇ. ಅಂಥ ಕವಾಟವನ್ನು ಎದೆ ಕುಯ್ಯದೆ ಬಲೂನ್‌ನಿಂದ ಅಗಲಿಸುತ್ತಾರೆ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ ಹೆಸರು ಮಾಡಿದ್ದೇ ಈ ಚಿಕಿತ್ಸೆಯಲ್ಲಿ. ಆದರೆ ಎಲ್ಲೋ ಒಬ್ಬಳಿಗೆ ಆ ಸದ್ದಿನ ಹಿಂದೆ ಇರುವುದು ಮಿಕ್ಸೋಮಾ. ಅವಳ ಎಡ ಕೋಣೆಯೊಳಗೆ ಕ್ಯಾತಿಟರ್ ಅನ್ನುವ ತೆಳು ಕೊಳವೆ ತೂರಿಸಿ ಬಲೂನ್ ಹಿಗ್ಗಿಸಿದರೆ ಏನಾದೀತು ಅಂತ ಯೋಚಿಸಿ. ಬಲೂನ್ ಹಾಕುವ ಮೊದಲು ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್ ಪರೀಕ್ಷೆ, ಮಾಡಿಯೇ ತೀರಬೇಕು ಅನ್ನುವ ಕಟ್ಟುನಿಟ್ಟಿಗೆ ಇರುವ ಕಾರಣಗಳಲ್ಲಿ ಇದೂ ಒಂದು.

ಇಡೀ ಕಥೆಯಲ್ಲಿ ನನ್ನ ಮಟ್ಟಿಗೆ ನಾಯಕ ಈ ಎಕೋ ಯಂತ್ರವೇ. 1953ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಇಂಗೆ ಎಡ್ಲರ್ ಮತ್ತು ಹೆಲ್ಮುತ್ ಹರ್ಟ್ಸ್ ಅಲ್ಟ್ರಾಸೌಂಡ್ ಅನ್ನು ಹೃದಯದ ಮೇಲೆ ಮೊದಲ ಸಲ ಬಳಸಿದರು. 1959ರ ಹೊತ್ತಿಗೆ ಜರ್ಮನಿಯಲ್ಲಿ ಎಫರ್ಟ್ ಮತ್ತು ಡೊಮಾನಿಗ್ ಅನ್ನುವ ವೈದ್ಯರು ಬದುಕಿರುವ ರೋಗಿಯ ಎಡ ಕೋಣೆಯ ಗಡ್ಡೆಯನ್ನು ಅದರಲ್ಲಿ ಪತ್ತೆ ಮಾಡಿದ್ದರು. ಅದಕ್ಕೆ ಮುಂಚೆ ಹೃದಯದ ಗಡ್ಡೆ ಅಂದರೆ ಹೆಚ್ಚಾಗಿ ಹೆಣ ಕುಯ್ದಾಗ ಸಿಗುವ ಅಚ್ಚರಿ ಅಷ್ಟೇ. ಇವತ್ತು ನೋವಿಲ್ಲದೆ, ಸೂಜಿಯಿಲ್ಲದೆ, ಹದಿನೈದು ಇಪ್ಪತ್ತು ನಿಮಿಷದಲ್ಲಿ ಮಿಕ್ಸೋಮಾ ಕಾಣುತ್ತದೆ. ಅದರ ತೊಟ್ಟು, ಅದು ಕವಾಟಕ್ಕೆ ಬಡಿಯುವುದು, ಎಲ್ಲವೂ ಪರದೆಯ ಮೇಲೆ. ಅನುಮಾನ ಇದ್ದರೆ ಅನ್ನನಾಳದೊಳಗಿಂದ ಎಕೋ, ಅದಕ್ಕೂ ಮೇಲೆ ಹೃದಯದ ಎಂಆರ್‌ಐ. ಎಂಆರ್‌ಐ ಬೇಕಾಗುವುದು ಮುಖ್ಯವಾಗಿ ಒಂದು ಪ್ರಶ್ನೆಗೆ: ಇದು ಗಡ್ಡೆಯೋ, ಹೆಪ್ಪುಗಟ್ಟಿದ ರಕ್ತವೋ? ಹೆಪ್ಪಾದರೆ ರಕ್ತ ತೆಳುವಾಗಿಸುವ ಮಾತ್ರೆಯಿಂದ ಕರಗೀತು. ಗಡ್ಡೆ ಕರಗುವುದಿಲ್ಲ.

ಲಕ್ವ ಹೊಡೆದವರ ವಿಷಯದಲ್ಲಿ ಇನ್ನೊಂದು ಸಣ್ಣ ಸಂಗತಿ. ಈಗ ದೊಡ್ಡ ಆಸ್ಪತ್ರೆಗಳಲ್ಲಿ ಮಿದುಳಿನ ರಕ್ತನಾಳಕ್ಕೆ ತಂತಿ ತೂರಿಸಿ ಕಟ್ಟಿದ ಹೆಪ್ಪನ್ನು ಹೊರಗೆಳೆಯುತ್ತಾರೆ. ಹಾಗೆ ಎಳೆದದ್ದನ್ನು ಬಿಸಾಡದೆ ಲ್ಯಾಬಿಗೆ ಕಳಿಸಿದರೆ ಕೆಲವೊಮ್ಮೆ ಅದು ಬರೀ ಹೆಪ್ಪಲ್ಲ, ಮಿಕ್ಸೋಮಾದ ಚೂರು ಅಂತ ಗೊತ್ತಾಗುತ್ತದೆ. ಬಿಪಿ, ಶುಗರ್ ಏನೂ ಇಲ್ಲದ ಹರೆಯದವರಿಗೆ ಲಕ್ವ ಹೊಡೆದರೆ ಹೃದಯದ ಎಕೋ ಮಾಡಿಸದೆ ಬಿಡಬಾರದು.

ಆಪರೇಷನ್ ಟೇಬಲ್ ಮೇಲೆ

ಮಿಕ್ಸೋಮಾ ಅಂತ ಗೊತ್ತಾದ ಮೇಲೆ ‘ಮುಂದಿನ ತಿಂಗಳು ನೋಡೋಣ’ ಅನ್ನುವ ಹಾಗಿಲ್ಲ. ಆಪರೇಷನ್‌ಗೆ ಕಾಯುತ್ತಿರುವಾಗಲೇ ಚೂರು ಕಿತ್ತು ಹೋಗಿ ಅಥವಾ ಕವಾಟ ಕಟ್ಟಿ ಸತ್ತವರ ವರದಿಗಳಿವೆ. ಹಾಗಾಗಿ ಕೆಲವೇ ದಿನಗಳಲ್ಲಿ ಟೇಬಲ್ಲಿಗೆ ತರುತ್ತಾರೆ. ಒಂದೇ ತಾಪತ್ರಯ, ಆಗಲೇ ದೊಡ್ಡ ಲಕ್ವ ಹೊಡೆದು ಮಿದುಳಿನಲ್ಲಿ ರಕ್ತ ಒಸರಿದ್ದರೆ. ಹೃದಯದ ಆಪರೇಷನ್ನಿಗೆ ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ತುಂಬಾ ಕೊಡಬೇಕು, ಅದರಿಂದ ಮಿದುಳಿನ ರಕ್ತಸ್ರಾವ ಹೆಚ್ಚಬಹುದು. ಕಾದರೆ ಇನ್ನೊಂದು ಚೂರು ಹೋಗಬಹುದು. ನರರೋಗ ವೈದ್ಯರು, ಹೃದಯದ ಸರ್ಜನ್, ಅರಿವಳಿಕೆ ವೈದ್ಯರು ಕೂತು ಪ್ರತಿ ರೋಗಿಗೂ ಬೇರೆ ಬೇರೆ ಲೆಕ್ಕ ಹಾಕಬೇಕಾದ ಜಾಗ ಇದು.

ಹೃದಯ ನಿಲ್ಲಿಸಿ ಒಳಗೆ ಕೈ ಹಾಕುವುದಕ್ಕೆ ಹಾರ್ಟ್–ಲಂಗ್ ಮಷೀನ್ ಬೇಕೇ ಬೇಕು. 1953ರ ಮೇ ತಿಂಗಳಲ್ಲಿ ಫಿಲಡೆಲ್ಫಿಯಾದ ಜಾನ್ ಗಿಬ್ಬನ್ ಆ ಯಂತ್ರ ಬಳಸಿ ಹೃದಯದ ರಂಧ್ರ ಮುಚ್ಚಿದರು. ಮರುವರ್ಷವೇ, 1954ರಲ್ಲಿ, ಸ್ಟಾಕ್‌ಹೋಮ್‌ನ ಕ್ಲಾರೆನ್ಸ್ ಕ್ರಾಫೋರ್ಡ್ ತಮ್ಮ ತಂಡ ಕಟ್ಟಿದ ಯಂತ್ರದ ಸಹಾಯದಿಂದ ಎಡ ಕೋಣೆಯ ಮಿಕ್ಸೋಮಾ ತೆಗೆದರು. ರೋಗಿ ಬದುಕಿದರು. ಅಂದರೆ ಮಿಕ್ಸೋಮಾ ಆಪರೇಷನ್ನಿಗೆ ಎಪ್ಪತ್ತು ವರ್ಷ ದಾಟಿದೆ. ಇವತ್ತು ಅನುಭವ ಇರುವ ಕೇಂದ್ರಗಳಲ್ಲಿ ಇದರಲ್ಲಿ ಜೀವ ಹೋಗುವುದು ನೂರಕ್ಕೆ ಒಬ್ಬರಿಂದ ಮೂವರಷ್ಟು ಮಾತ್ರ. ‘ಪವಾಡ’ ಅನ್ನುವ ಪದ ಇಲ್ಲಿ ಸ್ವಲ್ಪ ದುಬಾರಿ.

ಹಾಗಂತ ಸುಲಭ ಅಂತಲೂ ಅಲ್ಲ. ಎದೆಯ ನಡು ಎಲುಬನ್ನು ಉದ್ದಕ್ಕೆ ಸೀಳಿ ಹೃದಯ ಕಾಣುವಂತೆ ಮಾಡುತ್ತಾರೆ. ಬೇರೆ ಆಪರೇಷನ್ನುಗಳಲ್ಲಿ ಸರ್ಜನ್ ಹೃದಯವನ್ನು ಹಿಡಿದು, ಎತ್ತಿ, ತಿರುಗಿಸಿ ನೋಡಬಹುದು. ಇಲ್ಲಿ ಮುಟ್ಟುವಂತಿಲ್ಲ. ಹೃದಯ ಇನ್ನೂ ಬಡಿಯುತ್ತಿರುವಾಗ ಒತ್ತಿದರೆ ಒಳಗಿನ ಗಡ್ಡೆ ಚೂರಾಗಿ ಮಿದುಳಿಗೆ ಹೊರಟೀತು. ಆದ್ದರಿಂದ ಕೊಳವೆಗಳನ್ನು ಹಾಕಿ ರಕ್ತವನ್ನು ಯಂತ್ರಕ್ಕೆ ತಿರುಗಿಸಿ, ಮಹಾರಕ್ತನಾಳಕ್ಕೆ ಅಡ್ಡ ಕ್ಲಾಂಪ್ ಹಾಕಿ, ಪೊಟ್ಯಾಸಿಯಂ ಬೆರೆಸಿದ ದ್ರವದಿಂದ ಹೃದಯ ನಿಲ್ಲಿಸುವವರೆಗೆ ಅದನ್ನು ಹಾಗೇ ಬಿಡುತ್ತಾರೆ. ಕ್ಲಾಂಪ್ ಬಿದ್ದ ಮೇಲೆ ಚೂರು ಎಲ್ಲಿಗೂ ಹೋಗಲಾರದು. ಆಮೇಲೆಯೇ ಕೈ ಓಡುವುದು.

ಒಳಗೆ ಹೋಗುವ ದಾರಿಯ ಬಗ್ಗೆ ಸರ್ಜನ್‌ಗಳಲ್ಲಿ ಪಂಗಡಗಳಿವೆ. ಕೆಲವರು ಎಡ ಕೋಣೆಯನ್ನೇ ನೇರ ಕುಯ್ಯುತ್ತಾರೆ. ಕೆಲವರು ಬಲ ಕೋಣೆಯಿಂದ ಹೋಗಿ ನಡುಗೋಡೆ ಬಿಡಿಸುತ್ತಾರೆ. ಅಲ್ಲಿ ತೊಟ್ಟು ಕಣ್ಣೆದುರೇ ಸಿಗುತ್ತದೆ. ಗಡ್ಡೆ ತೀರಾ ದೊಡ್ಡದಿದ್ದರೆ ಎರಡೂ ಕೋಣೆ ತೆರೆಯುತ್ತಾರೆ. ಗಡ್ಡೆಯನ್ನು ಚಿಮಟದಿಂದ ಹಿಡಿದು ಎಳೆಯುವುದಿಲ್ಲ. ತೊಟ್ಟಿನ ಬುಡವನ್ನು ಅದು ಅಂಟಿದ ಗೋಡೆಯ ಚೂರಿನ ಸಮೇತ ಕತ್ತರಿಸಿ, ಇಡಿಯಾಗಿ ಎತ್ತಿ ಹೊರತೆಗೆಯುತ್ತಾರೆ. ಗೋಡೆಯಲ್ಲಿ ಆದ ತೂತಿಗೆ ಹೃದಯದ ಹೊರಪೊರೆಯಿಂದಲೇ ಕತ್ತರಿಸಿದ ತೇಪೆಯನ್ನೋ ಡ್ಯಾಕ್ರಾನ್ ಬಟ್ಟೆಯನ್ನೋ ಹೊಲಿಯುತ್ತಾರೆ. ಬುಡ ಉಳಿದರೆ ಮತ್ತೆ ಬೆಳೆದೀತು ಅನ್ನುವ ಭಯಕ್ಕೆ ಈ ಎಚ್ಚರ. ಎಷ್ಟು ಗೋಡೆ ತೆಗೆದರೆ ಸಾಕು ಅನ್ನುವುದರಲ್ಲಿ ಒಮ್ಮತ ಇಲ್ಲ. ಒಳಪದರ ಮಾತ್ರ ತೆಗೆದವರಲ್ಲೂ ಫಲಿತಾಂಶ ಚೆನ್ನಾಗಿರುವ ವರದಿಗಳಿವೆ. ಆಮೇಲೆ ಕೋಣೆಗಳನ್ನು ಸಲೈನ್‌ನಿಂದ ತೊಳೆದು, ಚೂರೇನಾದರೂ ಉಳಿದಿದೆಯಾ ಅಂತ ಹುಡುಕಿ, ಗಡ್ಡೆ ಬಡಿದು ಬಡಿದು ಕವಾಟ ಕೆಟ್ಟಿದೆಯಾ ಅಂತ ನೋಡಿ ಮುಚ್ಚುತ್ತಾರೆ.

ಈಗ ಎದೆ ಎಲುಬು ಸೀಳದೆ ಬಲ ಪಕ್ಕೆಯ ನಡುವೆ ಸಣ್ಣ ಗಾಯ ಮಾಡಿ, ಕೆಲವು ಕಡೆ ರೋಬೋ ಬಳಸಿ ಇದೇ ಕೆಲಸ ಮಾಡುತ್ತಾರೆ. ನೋವು ಕಡಿಮೆ, ಮನೆಗೆ ಬೇಗ ಹೋಗಬಹುದು. ಸರಿಯಾಗಿ ಆರಿಸಿದ ರೋಗಿಗೆ ಒಳ್ಳೆಯದೇ. ಆದರೆ ಜಾಹೀರಾತಿನಲ್ಲಿ ರೋಬೋಗೆ ಸಿಗುವ ಮೆರವಣಿಗೆ ನೋಡಿದರೆ ನನಗೆ ಸ್ವಲ್ಪ ಕಸಿವಿಸಿ. ಗಾಯ ನಾಲ್ಕು ಇಂಚೋ ಎಂಟು ಇಂಚೋ ಅನ್ನುವುದಕ್ಕಿಂತ, ಗಡ್ಡೆ ಚೂರಾಗದೆ ಬುಡಸಮೇತ ಬಂತಾ ಅನ್ನುವುದು ಮೊದಲ ಪ್ರಶ್ನೆ. ರೋಬೋ ಇಲ್ಲದಿದ್ದಕ್ಕೆ ಮಿಕ್ಸೋಮಾ ರೋಗಿ ಸಾಯುವುದಿಲ್ಲ. ಎರಡು ವರ್ಷ ಎಕೋ ಆಗದೆ ಇದ್ದಿದ್ದಕ್ಕೆ ಸಾಯುತ್ತಾರೆ.

ಮಗುವಿನ ಹೃದಯದಲ್ಲಿ: ಕೈ ಕಟ್ಟಿಕೊಂಡು ಕೂರುವ ಚಿಕಿತ್ಸೆ

ಮಕ್ಕಳ ವಿಷಯಕ್ಕೆ ಬಂದರೆ ಲೆಕ್ಕವೇ ತಲೆಕೆಳಗು. ಮಕ್ಕಳಲ್ಲಿ ಹೆಚ್ಚು ಕಾಣುವುದು ರಾಬ್ಡೋಮಯೋಮಾ. ಇದು ಹೃದಯದ ಸ್ನಾಯುವಿನೊಳಗೆ ಹುದುಗಿರುತ್ತದೆ, ಸಾಮಾನ್ಯವಾಗಿ ಒಂದಲ್ಲ, ಹಲವು. ಬಸುರಿಯ ಸ್ಕ್ಯಾನಿನಲ್ಲೇ, ಇಪ್ಪತ್ತು ವಾರ ದಾಟಿದ ಮೇಲೆ, ಮಗುವಿನ ಹೃದಯದಲ್ಲಿ ಬಿಳಿ ಗಂಟುಗಳಾಗಿ ಕಾಣಬಹುದು. ಹೆತ್ತವರಿಗೆ ಭೂಮಿ ಬಾಯಿ ಬಿಟ್ಟ ಹಾಗಾಗುತ್ತದೆ. ಆದರೆ ಈ ಗಡ್ಡೆಯ ವಿಶೇಷ ಏನೆಂದರೆ ಅದು ತಾನಾಗಿಯೇ ಸಣ್ಣಗಾಗುತ್ತದೆ. ಮಗು ಹುಟ್ಟಿದ ಮೇಲೆ ತಿಂಗಳು, ವರ್ಷ ಕಳೆದ ಹಾಗೆ ಬಹುಪಾಲು ಕರಗಿಯೇ ಹೋಗುತ್ತವೆ. ಇಲ್ಲಿ ಆಪರೇಷನ್ ಮಾಡದಿರುವುದೇ ಜಾಣತನ.

ಹಾಗಾದರೆ ಯಾವಾಗ ಮಾಡಬೇಕು? ಗಡ್ಡೆ ರಕ್ತ ಹೊರಹೋಗುವ ದಾರಿಯನ್ನೇ ಮುಚ್ಚಿದ್ದರೆ, ಅಥವಾ ಔಷಧಿಗೆ ಬಗ್ಗದ ಹೃದಯಬಡಿತದ ತೊಂದರೆ ಇದ್ದರೆ. ಆಗಲೂ ಪೂರ್ತಿ ತೆಗೆಯುವ ಹಟ ಬೇಡ. ದಾರಿ ಬಿಡಿಸುವಷ್ಟು ಕತ್ತರಿಸಿ ತೆಗೆದರೆ ಸಾಕು, ಉಳಿದದ್ದು ತಾನೇ ಕರಗುತ್ತದೆ. ಪೂರ್ತಿ ತೆಗೆಯಲು ಹೋದರೆ ಹಸುಗೂಸಿನ ಒಳ್ಳೆಯ ಸ್ನಾಯುವೂ ಹೋಗುತ್ತದೆ, ವಿದ್ಯುತ್ ಸಂಕೇತ ಸಾಗಿಸುವ ಎಳೆಗಳೂ ಹೋಗುತ್ತವೆ. ಇತ್ತೀಚಿನ ವರ್ಷಗಳಲ್ಲಿ ಇನ್ನೊಂದು ದಾರಿ ತೆರೆದಿದೆ. ಎವೆರೋಲಿಮಸ್, ಸಿರೋಲಿಮಸ್ ಅನ್ನುವ ಔಷಧಿಗಳು ಈ ಗಡ್ಡೆಯನ್ನು ಕೆಲವೇ ವಾರಗಳಲ್ಲಿ ಕುಗ್ಗಿಸಿದ್ದು ಹಲವು ಕಡೆ ವರದಿಯಾಗಿದೆ. ಸೋಂಕು, ಬಾಯಿಹುಣ್ಣಿನಂಥ ಅಡ್ಡಪರಿಣಾಮ ಇದ್ದೇ ಇವೆ. ಔಷಧಿ ನಿಲ್ಲಿಸಿದರೆ ಕೆಲವು ಗಡ್ಡೆ ಮತ್ತೆ ಸ್ವಲ್ಪ ಬೆಳೆದದ್ದೂ ಉಂಟು. ಆದರೂ ಮೂರು ಕೆಜಿ ಕೂಸಿನ ಎದೆ ತೆರೆಯುವುದನ್ನು ತಪ್ಪಿಸುವ ಅವಕಾಶ ಅಂದರೆ ಸಣ್ಣದೇನಲ್ಲ.

ಇಲ್ಲಿ ನಿಜವಾದ ಪ್ರಶ್ನೆ ಹೃದಯದಲ್ಲಿ ಇರುವುದೂ ಇಲ್ಲ. ಹಲವು ರಾಬ್ಡೋಮಯೋಮಾ ಒಟ್ಟಿಗೆ ಕಂಡರೆ ಮಗುವಿಗೆ ಟ್ಯೂಬರಸ್ ಸ್ಕ್ಲೆರೋಸಿಸ್ ಅನ್ನುವ ಆನುವಂಶಿಕ ಕಾಯಿಲೆ ಇರುವ ಸಂಭವ ತುಂಬಾ ಹೆಚ್ಚು. ಅದು ಮಿದುಳು, ಚರ್ಮ, ಮೂತ್ರಪಿಂಡಗಳನ್ನೂ ಮುಟ್ಟುತ್ತದೆ. ಮೂರ್ಛೆ ರೋಗ, ಕಲಿಕೆಯ ತೊಂದರೆ ಬರಬಹುದು. ಹೃದಯದ ಗಂಟು ಕರಗಿ ಹೋದ ಮೇಲೂ ಆ ಮನೆಯವರು ಎದುರಿಸಬೇಕಾದದ್ದು ಇದನ್ನೇ. ‘ಗಡ್ಡೆ ತಾನೇ ಹೋಗುತ್ತೆ, ಚಿಂತೆ ಬೇಡಮ್ಮ’ ಅಂತ ಹೇಳಿ ಕಳಿಸಿದರೆ ಅದು ಅರ್ಧ ಸತ್ಯ. ಆನುವಂಶಿಕ ಪರೀಕ್ಷೆ, ನರರೋಗ ವೈದ್ಯರ ಭೇಟಿ, ಅಪ್ಪ ಅಮ್ಮನ ಚರ್ಮ ನೋಡುವುದು, ಇವೆಲ್ಲ ಅದೇ ವಾರ ಶುರುವಾಗಬೇಕು.

ಮಕ್ಕಳಲ್ಲಿ ಎರಡನೆಯದು ಫೈಬ್ರೋಮಾ. ಸ್ಕ್ಯಾನಿನಲ್ಲಿ ಇದೂ ಸ್ನಾಯುವಿನೊಳಗಿನ ಗಂಟೇ, ಸಾಮಾನ್ಯವಾಗಿ ಒಂದೇ ಒಂದು, ನಡುವೆ ಸುಣ್ಣ ಕಟ್ಟಿರುತ್ತದೆ. ಆದರೆ ಇದು ಕರಗುವುದಿಲ್ಲ. ಯಾವ ಲಕ್ಷಣವೂ ಇಲ್ಲದ ಮಗು ಆಡುತ್ತಾ ಆಡುತ್ತಾ ಕುಸಿದು ಬಿದ್ದು, ಆಮೇಲೆ ಇದು ಕಂಡದ್ದಿದೆ. ಬಡಿತದ ಲಯ ಕೆಟ್ಟು ಹಠಾತ್ ಸಾವಿನ ಅಪಾಯ ಇರುವುದರಿಂದ ಇದನ್ನು ತೆಗೆಯುವ ಕಡೆಗೇ ವೈದ್ಯರ ಒಲವು. ಕೆಳಗಿನ ಕೋಣೆಗಳ ನಡುಗೋಡೆಯಲ್ಲಿ ಕೂತಿದ್ದರೆ ಸರ್ಜನ್‌ಗೆ ಅಗ್ನಿಪರೀಕ್ಷೆ. ಅದೃಷ್ಟಕ್ಕೆ ಫೈಬ್ರೋಮಾವನ್ನು ಪೂರ್ತಿ ತೆಗೆಯಲಾಗದಿದ್ದರೂ ಉಳಿದ ಭಾಗ ಹೆಚ್ಚಾಗಿ ಮತ್ತೆ ತೊಂದರೆ ಕೊಡುವುದಿಲ್ಲ. ಏನೂ ಮಾಡಲಾಗದ ಕೆಲವರಿಗೆ ಹೃದಯ ಕಸಿ ಮಾಡಿದ್ದೂ ಇದೆ.

ಇಬ್ಬರು ಮಕ್ಕಳು, ಎರಡು ಗಂಟು, ಒಂದೇ ಗಾತ್ರ. ಒಬ್ಬನನ್ನು ಮನೆಗೆ ಕಳಿಸಬೇಕು, ಇನ್ನೊಬ್ಬನನ್ನು ಟೇಬಲ್ಲಿಗೆ ಕರೆದೊಯ್ಯಬೇಕು. ಮಕ್ಕಳ ಹೃದಯದ ಎಕೋವನ್ನೇ ದಿನವಿಡೀ ನೋಡುವ ವೈದ್ಯರು ಯಾಕೆ ಬೇಕು ಅನ್ನುವುದಕ್ಕೆ ಬೇರೆ ಕಾರಣ ಬೇಕಿಲ್ಲ.

ಕವಾಟದ ಮೇಲಿನ ಚಿಕ್ಕದು

ಪ್ಯಾಪಿಲರಿ ಫೈಬ್ರೋಎಲಾಸ್ಟೋಮಾ. ಹೆಸರು ಉದ್ದ, ಗಡ್ಡೆ ಚಿಕ್ಕದು. ಹೆಚ್ಚಾಗಿ ಒಂದು ಸೆಂಟಿಮೀಟರ್ ಆಸುಪಾಸು. ಕವಾಟದ ಎಲೆಯ ಮೇಲೆ ನವಿರಾದ ಎಳೆಗಳ ಕುಚ್ಚಾಗಿ ಕೂತಿರುತ್ತದೆ. ಎಕೋ ಯಂತ್ರಗಳು ಚುರುಕಾದ ಹಾಗೆ ಇದು ಹೆಚ್ಚು ಹೆಚ್ಚು ಕಣ್ಣಿಗೆ ಬೀಳುತ್ತಿದೆ. ಅಮೆರಿಕದ ಮೇಯೋ ಕ್ಲಿನಿಕ್‌ನ ಅನುಭವದಲ್ಲಿ ಇದು ಮಿಕ್ಸೋಮಾಕ್ಕಿಂತಲೂ ಹೆಚ್ಚು ಅಂತ 2015ರಲ್ಲಿ ಪ್ರಕಟವಾಯಿತು. ಹಳೆಯ ಪಠ್ಯಗಳ ಲೆಕ್ಕ ಅಷ್ಟರ ಮಟ್ಟಿಗೆ ಬದಲಾಗಿದೆ.

ಇದರಿಂದ ಹೊಸ ಪೇಚು. ಎಪ್ಪತ್ತರ ಅಜ್ಜನಿಗೆ ಬೇರೆ ಯಾವುದಕ್ಕೋ ಎಕೋ ಮಾಡಿಸಿದಾಗ ಇದು ಸಿಗುತ್ತದೆ. ಅಜ್ಜ ಆರಾಮಾಗಿದ್ದಾರೆ. ಆದರೆ ಆ ಕುಚ್ಚಿನಿಂದಲೋ ಅದರ ಮೇಲೆ ಕಟ್ಟಿದ ಹೆಪ್ಪಿನಿಂದಲೋ ಚೂರು ಹೋದರೆ ಲಕ್ವ. ಆರಾಮಾಗಿರುವ ಮನುಷ್ಯನ ಎದೆ ಕುಯ್ಯುವುದಾ? ಆಗಲೇ ಲಕ್ವ ಹೊಡೆದಿದ್ದರೆ ತೆಗೆಯಬೇಕು ಅನ್ನುವುದರಲ್ಲಿ ತಕರಾರಿಲ್ಲ. ಎಡಭಾಗದಲ್ಲಿದ್ದು, ಒಂದು ಸೆಂಟಿಮೀಟರಿಗಿಂತ ದೊಡ್ಡದಿದ್ದು, ಅಲುಗಾಡುತ್ತಿದ್ದರೆ ಆಪರೇಷನ್ ತಡೆಯುವಂಥ ಬೇರೆ ಕಾಯಿಲೆ ಇಲ್ಲದವರಲ್ಲಿ ತೆಗೆಯುವುದು ಮೇಲು ಅಂತ ಅನೇಕರ ಅಭಿಪ್ರಾಯ. ಬಲಭಾಗದ್ದನ್ನು ಸುಮ್ನೆ ನೋಡಿಕೊಂಡಿರಬಹುದು. ಬಹುಪಾಲು ಸಲ ಕವಾಟ ಉಳಿಸಿಕೊಂಡೇ ಗಡ್ಡೆಯನ್ನು ಕೆರೆದು ತೆಗೆಯಬಹುದು ಅನ್ನುವುದು ಸರ್ಜನ್‌ಗಳ ಪರವಾದ ವಾದ.

ಕ್ಯಾನ್ಸರ್ ಆದಾಗ

ಹೃದಯದಲ್ಲೇ ಹುಟ್ಟುವ ಕ್ಯಾನ್ಸರ್‌ಗಳಲ್ಲಿ ಬಹುಪಾಲು ಸಾರ್ಕೋಮಾ ಗುಂಪಿನವು, ಅಂದರೆ ಸ್ನಾಯು, ರಕ್ತನಾಳದಂಥ ಅಂಗಾಂಶದಲ್ಲಿ ಹುಟ್ಟುವ ಕ್ಯಾನ್ಸರ್‌ಗಳು. ಅದರಲ್ಲಿ ಆಂಜಿಯೋಸಾರ್ಕೋಮಾ ಹೆಚ್ಚಾಗಿ ಮೇಲಿನ ಬಲ ಕೋಣೆಯ ಗೋಡೆಯಲ್ಲಿ ಹುಟ್ಟಿ ಹೃದಯದ ಹೊರಪೊರೆಗೆ ನುಗ್ಗುತ್ತದೆ. ಪೊರೆಯೊಳಗೆ ರಕ್ತ ಬೆರೆತ ನೀರು ತುಂಬುತ್ತದೆ. ಕಂಡುಬರುವ ಹೊತ್ತಿಗೆ ಬಹಳಷ್ಟು ಮಂದಿಯಲ್ಲಿ ಅದು ಶ್ವಾಸಕೋಶಕ್ಕೆ ಹೋಗಿ ಆಗಿರುತ್ತದೆ. ಆಪರೇಷನ್ ಆದವರೂ ಬಹುತೇಕ ವರದಿಗಳಲ್ಲಿ ಬದುಕಿರುವುದು ಒಂದು ವರ್ಷದ ಆಸುಪಾಸು. ಇಲ್ಲಿ ಸರ್ಜನ್ ಕೇಳಿಕೊಳ್ಳಬೇಕಾದದ್ದು ‘ತೆಗೆಯಲು ಬರುತ್ತದಾ’ ಅಂತ ಅಲ್ಲ, ‘ಅಂಚಿನಲ್ಲೂ ಒಂದು ಕಣ ಉಳಿಯದಂತೆ ತೆಗೆಯಲು ಬರುತ್ತದಾ’ ಅಂತ. ಪೂರ್ತಿ ತೆಗೆದವರಿಗೂ ಅರ್ಧ ತೆಗೆದವರಿಗೂ ಬದುಕಿನ ಅವಧಿಯಲ್ಲಿ ಸ್ಪಷ್ಟ ವ್ಯತ್ಯಾಸ ಕಂಡಿದೆ.

ಈ ‘ಪೂರ್ತಿ’ಗಾಗಿ ಅಮೆರಿಕದ ಹೂಸ್ಟನ್ನಿನ ಸರ್ಜನ್‌ಗಳು ಹೋದಷ್ಟು ದೂರ ಬೇರೆ ಯಾರೂ ಹೋಗಿರಲಾರರು. ಎಡಭಾಗದ ಸಾರ್ಕೋಮಾ ಹೃದಯದ ಹಿಂಬದಿಯಲ್ಲಿರುತ್ತದೆ, ಬೆನ್ನೆಲುಬಿನ ಕಡೆಗೆ. ಎದುರಿನಿಂದ ಕೈ ಹಾಕಿದರೆ ಅಂಚು ಕಾಣುವುದೇ ಇಲ್ಲ. ಹಾಗಾದರೆ ಹೃದಯವನ್ನೇ ಪೂರ್ತಿ ಕತ್ತರಿಸಿ ಹೊರತೆಗೆದು, ಟೇಬಲ್ ಮೇಲಿಟ್ಟು ಗಡ್ಡೆ ಬಿಡಿಸಿ, ಹೋದ ಭಾಗಕ್ಕೆ ತೇಪೆ ಕಟ್ಟಿ, ಅದೇ ಹೃದಯವನ್ನು ಅದೇ ರೋಗಿಗೆ ಮತ್ತೆ ಹೊಲಿದರೆ? 1980ರ ದಶಕದಲ್ಲಿ ಡೆಂಟನ್ ಕೂಲಿ ಇದನ್ನು ಪ್ರಯತ್ನಿಸಿದರು, ರೋಗಿ ಉಳಿಯಲಿಲ್ಲ. 1998ರಲ್ಲಿ ಅದೇ ಊರಿನ ಮೈಕೆಲ್ ರಿಯರ್ಡನ್ ಮಾಡಿ ಗೆದ್ದರು. ಆಮೇಲೆ ಅವರ ತಂಡ ಇದನ್ನು ಹಲವು ರೋಗಿಗಳಿಗೆ ಮಾಡಿದೆ. ಆ ಅನುಭವದ ಪಾಠಗಳಲ್ಲಿ ಒಂದು ನನಗೆ ಮುಖ್ಯ ಅನ್ನಿಸುತ್ತದೆ. ಹೃದಯದ ಜೊತೆಗೆ ಒಂದು ಶ್ವಾಸಕೋಶವನ್ನೂ ತೆಗೆಯಬೇಕಾಗಿ ಬಂದವರಲ್ಲಿ ಸಾವು ತೀರಾ ಹೆಚ್ಚಾಯಿತು, ಹಾಗಾಗಿ ಅದು ಬೇಡ ಅಂತ ಅವರೇ ಬರೆದರು. ಎಲ್ಲಿ ನಿಲ್ಲಿಸಬೇಕು ಅಂತ ಬರೆದಿಡುವುದು ಕೂಡ ಸರ್ಜರಿಯ ಕೆಲಸವೇ.

ಬಲಭಾಗದ ಸಾರ್ಕೋಮಾಗೆ ಈಗ ಅನೇಕ ಕೇಂದ್ರಗಳಲ್ಲಿ ಮೊದಲು ಬಯಾಪ್ಸಿ (ಗಡ್ಡೆಯ ಸಣ್ಣ ಚೂರು ತೆಗೆದು ಪರೀಕ್ಷಿಸುವುದು), ಆಮೇಲೆ ಕೀಮೋ, ಗಡ್ಡೆ ಕುಗ್ಗಿದ ಮೇಲೆ ಆಪರೇಷನ್. ಹೀಗೆ ಮಾಡಿದವರಲ್ಲಿ ಅಂಚು ಶುದ್ಧವಾಗಿ ಸಿಕ್ಕಿದ್ದು ಜಾಸ್ತಿ, ಬದುಕಿದ ಅವಧಿಯೂ ಜಾಸ್ತಿ. ಬಯಾಪ್ಸಿ ಯಾಕೆ ಅಷ್ಟು ಮುಖ್ಯ ಅನ್ನುವುದಕ್ಕೆ ಲಿಂಫೋಮಾ, ಅಂದರೆ ಬಿಳಿ ರಕ್ತಕಣದಿಂದ ಹುಟ್ಟುವ ಕ್ಯಾನ್ಸರ್, ಇನ್ನೊಂದು ಕಾರಣ. ಹೃದಯದ ಲಿಂಫೋಮಾ ನೋಡಲು ಭಯಂಕರವಾಗಿರುತ್ತದೆ. ಆದರೆ ಅದಕ್ಕೆ ಚಿಕಿತ್ಸೆ ಔಷಧಿ, ಚಾಕು ಅಲ್ಲ. ಗೊತ್ತಿಲ್ಲದೆ ಎದೆ ತೆರೆದರೆ ರೋಗಿಗೆ ಸಿಗಬೇಕಾದ ಕೀಮೋ ವಾರಗಟ್ಟಲೆ ತಡವಾಗುತ್ತದೆ.

ಹೃದಯ ಕಸಿ ಮಾಡಿಬಿಟ್ಟರಾಯಿತಲ್ಲ ಅಂತ ಕೇಳುವವರಿದ್ದಾರೆ. ಮಾಡಿ ನೋಡಿದ್ದಾರೆ, ಸಾರ್ಕೋಮಾದಲ್ಲಿ ಫಲ ನಿರಾಶೆಯದೇ. ಕಸಿ ಆದವರು ದೇಹದ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ತಿನ್ನಲೇಬೇಕು. ಎಲ್ಲೋ ಅಡಗಿರುವ ಕ್ಯಾನ್ಸರ್ ಕಣಕ್ಕೆ ಅದು ಹಬ್ಬ. ಜೊತೆಗೆ ದಾನಿ ಹೃದಯಗಳು ಎಣಿಸುವಷ್ಟು ಮಾತ್ರ ಸಿಗುವ ಊರು ನಮ್ಮದು. ಕರ್ನಾಟಕದಲ್ಲಿ ಅಂಗದಾನ ನೋಡಿಕೊಳ್ಳುವ ಜೀವಸಾರ್ಥಕತೆ ಸಂಸ್ಥೆಯ ಪಟ್ಟಿಯಲ್ಲಿ ಕಾಯುತ್ತಿರುವ, ಹೃದಯದ ಸ್ನಾಯು ಸೋತ ರೋಗಿಗೆ ಅದೇ ಹೃದಯ ಹಲವು ವರ್ಷ ಕೊಡಬಲ್ಲದು. ಈ ಲೆಕ್ಕ ಕಠೋರ, ಆದರೆ ಯಾರೋ ಒಬ್ಬರು ಮಾಡಲೇಬೇಕು.

ಕಿಡ್ನಿಯಿಂದ ಏರಿ ಬರುವ ಗಡ್ಡೆ

ಸರ್ಜರಿಗೆ ಒಳ್ಳೆಯ ಫಲ ಸಿಗುವ, ಆದರೆ ಸುದ್ದಿಯಲ್ಲಿ ಕಡಿಮೆ ಕಾಣುವ ಒಂದು ಬಗೆ ಇದೆ. ಕಿಡ್ನಿಯ ಕ್ಯಾನ್ಸರ್ ಕೆಲವೊಮ್ಮೆ ಕಿಡ್ನಿಯ ರಕ್ತನಾಳದೊಳಗೇ ಬೆಳೆದು, ಹೊಟ್ಟೆಯ ದೊಡ್ಡ ಮಲಿನ ರಕ್ತನಾಳದ ಒಳಗೆ ಮೇಲೇರಿ, ಹೃದಯದ ಬಲ ಕೋಣೆಯವರೆಗೆ ತಲೆ ಹಾಕುತ್ತದೆ. ಸ್ಕ್ಯಾನ್ ನೋಡಿದವರಿಗೆ ಎದೆ ಝಲ್ಲೆನ್ನುತ್ತದೆ. ಆದರೆ ಬೇರೆ ಕಡೆ ಹರಡಿರದಿದ್ದರೆ ಇದನ್ನು ಇಡಿಯಾಗಿ ತೆಗೆಯಬಹುದು, ಹಾಗೆ ತೆಗೆದವರಲ್ಲಿ ಸುಮಾರು ಅರ್ಧದಷ್ಟು ಜನ ಐದು ವರ್ಷ ದಾಟುತ್ತಾರೆ. ಮೂತ್ರಾಂಗಗಳ ಸರ್ಜನ್ ಹೊಟ್ಟೆ ತೆರೆದು ಕಿಡ್ನಿ ಬಿಡಿಸುತ್ತಾರೆ, ಹೃದಯದ ಸರ್ಜನ್ ಎದೆ ತೆರೆಯುತ್ತಾರೆ, ಬೇಕಾದರೆ ಲಿವರ್ ಸರ್ಜನ್ ಕೂಡ. ಕೆಲವರಲ್ಲಿ ದೇಹವನ್ನು 18–20 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಿ, ರಕ್ತದ ಓಟವನ್ನೇ ಕೆಲವು ನಿಮಿಷ ನಿಲ್ಲಿಸಿ, ನಾಳದ ಒಳಗೋಡೆಯಿಂದ ಗಡ್ಡೆಯನ್ನು ಬಿಡಿಸುತ್ತಾರೆ. ‘ಹೃದಯಕ್ಕೆ ಬಂದುಬಿಟ್ಟಿದೆ, ಇನ್ನೇನೂ ಇಲ್ಲ’ ಅಂತ ಮನೆಯವರು ಕೈಚೆಲ್ಲಬಾರದ ಸಂದರ್ಭ ಇದು. ಎರಡನೇ ಅಭಿಪ್ರಾಯ ಕೇಳಲೇಬೇಕು.

ಪುರಾವೆ ಎಷ್ಟು, ದುಡ್ಡು ಎಷ್ಟು

ಈ ಎಲ್ಲ ತೀರ್ಮಾನಗಳ ಹಿಂದೆ ಇರುವ ಪುರಾವೆ ತೆಳು. ಬಿಪಿ ಮಾತ್ರೆಗೆ ಸಾವಿರಾರು ಜನರ ಮೇಲೆ ಪ್ರಯೋಗ ಮಾಡಿ ಫಲ ನೋಡಬಹುದು. ಹೃದಯದ ಸಾರ್ಕೋಮಾ ರೋಗಿಗಳನ್ನು ಸಾವಿರ ಸೇರಿಸಲು ಯಾವ ಆಸ್ಪತ್ರೆಯಿಂದಲೂ ಆಗದು. ಗೊತ್ತಿರುವುದೆಲ್ಲ ಒಂದೊಂದು ಕೇಂದ್ರ ಇಪ್ಪತ್ತು ಮೂವತ್ತು ವರ್ಷಗಳಲ್ಲಿ ಕಂಡ ರೋಗಿಗಳ ಲೆಕ್ಕದಿಂದ ಬಂದದ್ದು. ಇದರಲ್ಲಿ ಒಂದು ವಾಲು ಇದ್ದೇ ಇರುತ್ತದೆ: ಬದುಕುವಷ್ಟು ಗಟ್ಟಿ ಇದ್ದವರನ್ನೇ ಸರ್ಜನ್ ಆಪರೇಷನ್‌ಗೆ ಆರಿಸುತ್ತಾರೆ, ಆಮೇಲೆ ಆಪರೇಷನ್ ಆದವರು ಹೆಚ್ಚು ಬದುಕಿದರು ಅನ್ನುತ್ತೇವೆ. ಜೊತೆಗೆ ಗೆದ್ದ ಕೇಸು ಬೇಗ ಪ್ರಕಟವಾಗುತ್ತದೆ, ಸೋತದ್ದು ಫೈಲಿನಲ್ಲೇ ಉಳಿಯುತ್ತದೆ. ನಮ್ಮ ದೊಡ್ಡ ಆಸ್ಪತ್ರೆಗಳು ಪ್ರೆಸ್‌ಮೀಟ್ ಮಾಡುವ ಹುರುಪಿನ ಕಾಲುಭಾಗವನ್ನು ಒಂದು ಹಂಚಿಕೆಯ ರಿಜಿಸ್ಟರ್‌ಗೆ ಹಾಕಿದರೂ, ಹತ್ತು ವರ್ಷದಲ್ಲಿ ನಮ್ಮದೇ ಅಂಕಿ ಸಿಕ್ಕೀತು.

ಇನ್ನು ದುಡ್ಡು. 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವು ಅಂತ ನಿಗದಿಯಾಯಿತು. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇಕಡ 30, ವರ್ಷಕ್ಕೆ 1.5 ಲಕ್ಷದವರೆಗೆ. ದೊಡ್ಡ ಆಪರೇಷನ್ನಿಗೆ ಹೀಗೊಂದು ದಾರಿ ಇದೆ. ಅದಕ್ಕೂ ಹಿಂದಿನ ಮೆಟ್ಟಿಲೇ ಕಷ್ಟ. ಯಾದಗಿರಿಯ ಹಳ್ಳಿಯಿಂದ ಕಲಬುರಗಿಯ ಜಯದೇವಕ್ಕೆ ಬರುವುದು, ಕೂಲಿ ಬಿಟ್ಟು ಎರಡು ದಿನ ಕಾಯುವುದು, ಅದಕ್ಕೂ ಮೊದಲು ಯಾರೋ ಒಬ್ಬ ವೈದ್ಯರಿಗೆ ಎಕೋ ಬರೆಯಬೇಕು ಅನ್ನಿಸುವುದು. ತಿಂಗಳಾನುಗಟ್ಟಲೆ ಜ್ವರ, ಟಿ.ಬಿ. ಪರೀಕ್ಷೆ ನೆಗೆಟಿವ್, ತೂಕ ಇಳಿಯುತ್ತಿದೆ, ಏದುಸಿರು ಇದೆ ಅಂದಾಗ ತಾಲೂಕು ಮಟ್ಟದಲ್ಲೇ ಒಂದು ಎಕೋ ಆದರೆ ಎಷ್ಟೋ ಮಿಕ್ಸೋಮಾ ಚೂರಾಗುವ ಮೊದಲೇ ಸಿಗುತ್ತವೆ. ಕವಾಟದ ಕಾಯಿಲೆಯೂ ಅದೇ ಎಕೋದಲ್ಲಿ ಸಿಗುವುದರಿಂದ ಆ ಖರ್ಚು ದಂಡವಾಗುವುದಿಲ್ಲ.

ಆಪರೇಷನ್ ಆದ ಮೇಲೆ ಬಹಳ ಜನ ಆಸ್ಪತ್ರೆ ಕಡೆ ತಲೆ ಹಾಕುವುದಿಲ್ಲ. ಗಡ್ಡೆಯ ಲ್ಯಾಬ್ ವರದಿ ಕೈಗೆ ಬರುವ ತನಕ ಕಾಯಬೇಕು, ಅದರ ಪ್ರತಿ ಮನೆಯಲ್ಲಿ ಇಟ್ಟುಕೊಳ್ಳಬೇಕು. ಕೆಲವು ವರ್ಷವಾದರೂ ವರ್ಷಕ್ಕೊಂದು ಎಕೋ ಬೇಕು. ಸಾಮಾನ್ಯ ಮಿಕ್ಸೋಮಾ ಮತ್ತೆ ಬರುವುದು ನೂರಕ್ಕೆ ಒಂದರಿಂದ ಮೂರು ಮಂದಿಗೆ ಮಾತ್ರ. ಆದರೆ ಚಿಕ್ಕ ವಯಸ್ಸಿಗೇ ಬಂದಿದ್ದರೆ, ಒಂದಕ್ಕಿಂತ ಹೆಚ್ಚು ಇದ್ದರೆ, ಎಡ ಮೇಲಿನ ಕೋಣೆ ಬಿಟ್ಟು ಬೇರೆ ಕಡೆ ಇದ್ದರೆ, ತುಟಿ, ಕಣ್ಣರೆಪ್ಪೆಯ ಮೇಲೆ ಕಂದು ಚುಕ್ಕೆಗಳಿದ್ದರೆ ಅದು ಕಾರ್ನಿ ಕಾಂಪ್ಲೆಕ್ಸ್ ಅನ್ನುವ ಆನುವಂಶಿಕ ಬಗೆ ಇರಬಹುದು. ಅಮೆರಿಕದ ಏಡನ್ ಕಾರ್ನಿ 1985ರಲ್ಲಿ ಇದನ್ನು ಗುರುತಿಸಿದರು, ಹೆಚ್ಚಿನವರಲ್ಲಿ ಕಾರಣ PRKAR1A ಅನ್ನುವ ಜೀನ್‌ನ ದೋಷ ಅಂತ 2000ದಲ್ಲಿ ತಿಳಿಯಿತು. ಇಂಥವರಲ್ಲಿ ಗಡ್ಡೆ ಮರಳುವ ಸಂಭವ ಹತ್ತು ಪಟ್ಟಿನಷ್ಟು ಹೆಚ್ಚು, ಅದೂ ಹೃದಯದ ಬೇರೆ ಕೋಣೆಯಲ್ಲಿ. ಒಬ್ಬರಿಗೆ ಇದು ಅಂತ ಗೊತ್ತಾದರೆ ಅಪ್ಪ, ಅಮ್ಮ, ಅಣ್ಣ, ತಂಗಿ, ಮಕ್ಕಳು ಎಲ್ಲರಿಗೂ ಎಕೋ ಮಾಡಿಸಬೇಕು, ಏನೂ ತೊಂದರೆ ಇಲ್ಲದಿದ್ದರೂ.